ಯಾರೋ ಕೂತೆದ್ದ ಸೀಟು

ಡಿಪೋದಲ್ಲಿ ಎಲ್ಲರೂ ಅವನನ್ನು ಆಮೆಯಣ್ಣ ಅಂತಲೇ ಕರೆಯುತ್ತಿದ್ದರು. ಅವ್ವ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಮತ್ತೆ ಕಿವಿಗೆ ಬೀಳುತ್ತಿರಲಿಲ್ಲ. ಅವನು ಬಸ್ಸು ನಿಲ್ಲಿಸಿದರೆ ನಿಂತಿದ್ದವರು ಕಂಬಿ ಹಿಡಿಯಬೇಕಾಗಿರಲಿಲ್ಲ. ಅದಕ್ಕೇ ಮೊಣಕಾಲು ನೋವಿನ ಮುದುಕಿಯರು ಕಾದು ಅವನ ಬಸ್ಸನ್ನೇ ಹತ್ತುತ್ತಿದ್ದರು. ಕೆಲಸಕ್ಕೆ ಹೊತ್ತಾದವರು ಗಾಜಿನ ಹಿಂದೆ ಅವನ ಮುಖ ಕಂಡ ಕೂಡಲೇ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಬೈದವರಿಗೂ ಹೊಗಳಿದವರಿಗೂ ಅವನದು ಒಂದೇ ಹೂಂ. ಯಾರಿಗಾದರೂ ಮದುವೆ ಇದೆ, ಮೈ ಸರಿಯಿಲ್ಲ ಅಂದರೆ ಅವರ ಪಾಳಿಯೂ ಅವನ ಹೆಗಲಿಗೇ. ಇಲ್ಲ ಅನ್ನೋದು ಅವನ ಬಾಯಿಗೆ ಬರುತ್ತಿರಲಿಲ್ಲ.

ಮದುವೆಯಾಗಿ ತುಂಬ ವರ್ಷ ಮಕ್ಕಳಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಆ ಮಾತನ್ನೇ ಬಿಟ್ಟು, ಅಡುಗೆಮನೆಯ ಸೋರುವ ನಲ್ಲಿಯ ಬಗ್ಗೆ, ಮಹಡಿ ಮೇಲಿನವರ ಗಲಾಟೆಯ ಬಗ್ಗೆ ಮಾತಾಡಿಕೊಂಡು ಕಾಲ ಹಾಕುತ್ತಿದ್ದರು. ಇನ್ನು ತಲೆ ನರೆಯಿತು ಅನ್ನುವಾಗ ಅವಳು ಬಸುರಿಯಾದಳು. ಮಗು ದಿನ ತುಂಬುವ ಮೊದಲೇ ಅವಸರ ಮಾಡಿಕೊಂಡು ಹುಟ್ಟಿತು. ಹೆಣ್ಣು ಮಗು. ಬೊಗಸೆಯಲ್ಲಿ ಹಿಡಿಯುವಷ್ಟು. ಅಪ್ಪನ ನಿಧಾನ ಒಂದಿಷ್ಟಾದರೂ ಬರಬಾರದಿತ್ತಾ ಅಂತ ಡಿಪೋದವರು ನಗಿಸಲು ನೋಡಿದರು. ಅವನು ಹೂಂ ಅಂದ, ನಗಲಿಲ್ಲ.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹೆಂಡತಿಗೆ ಹೊಲಿಗೆ ಮಾಯದೆ ಜ್ವರ ಬಂತು, ಅವಳೂ ಅಲ್ಲೇ ಉಳಿದಳು. ಅವನು ಬಸ್ಸು ಓಡಿಸುತ್ತಿದ್ದುದು ಆಸ್ಪತ್ರೆಯ ಗೇಟಿನ ಮುಂದಿನ ದಾರಿಯಲ್ಲೇ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಆ ಕಿಟಕಿಗಳ ಕೆಳಗೆ ಬಸ್ಸು ನಿಲ್ಲುತ್ತಿತ್ತು, ಜನ ಹತ್ತಿಳಿಯುತ್ತಿದ್ದರು. ಅವನು ಮಾತ್ರ ಸ್ಟೇರಿಂಗ್ ಬಿಟ್ಟು ಇಳಿಯುವ ಹಾಗಿರಲಿಲ್ಲ. ಕತ್ತೆತ್ತಿ ಮೇಲೆ ನೋಡುತ್ತಿದ್ದ. ಯಾವ ಕಿಟಕಿ ಅಂತ ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಒಂದೇ ಥರ. ಪಾಳಿ ಮುಗಿಸಿ ಹೋದರೆ ಕೈ ತೊಳೆಸಿ, ಮುಖಕ್ಕೆ ಬಟ್ಟೆ ಕಟ್ಟಿಸಿ, ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಪೆಟ್ಟಿಗೆಯ ತೂತಿನೊಳಗೆ ಬೆರಳು ತೂರಿಸಿ ಕೂರುತ್ತಿದ್ದ. ಎಷ್ಟೋ ಸಲ ಕೂತಲ್ಲೇ ಕಣ್ಣು ಹತ್ತಿ, ನರ್ಸು ಭುಜ ಮುಟ್ಟಿ ಎಬ್ಬಿಸುತ್ತಿದ್ದಳು.

ಹೀಗೆ ವಾರಗಳು ಉರುಳಿದ ಮೇಲೆ ಒಂದು ಬೆಳಿಗ್ಗೆ ಡಾಕ್ಟರು, ಇನ್ನೆರಡು ದಿನದಲ್ಲಿ ಮನೆಗೆ ಕರಕೊಂಡು ಹೋಗಬಹುದು ಅಂದರು. ಜೊತೆಗೆ ನರ್ಸು ಇನ್ನೊಂದು ಮಾತು ಹೇಳಿದಳು: ಕಾರಿನಲ್ಲಿ ಹೋಗೋದಾದರೆ ಮಗುವನ್ನು ಬೆಲ್ಟು ಹಾಕಿ ಕೂರಿಸುವ ಸಣ್ಣ ಸೀಟು ಇರಲೇಬೇಕು, ಅದಿಲ್ಲದೆ ಮಗುವನ್ನು ಕೈಗೆ ಕೊಡುವುದಿಲ್ಲ.

ಕಾರಿದ್ದದ್ದು ಬಾಮೈದನಿಗೆ. ಹೆಂಡತಿಯ ತಮ್ಮ, ಫ್ರಿಜ್ಜು ರಿಪೇರಿ ಮಾಡುವವನು, ಮಾತಿನ ಮಲ್ಲ. ಆಡಿದ್ದರಲ್ಲಿ ಅರ್ಧ ಜಂಬ, ಉಳಿದರ್ಧ ಪ್ರೀತಿ. ಸೀಟಿನ ಚಿಂತೆ ನನಗೆ ಬಿಡಿ ಅಂತ ಎದೆ ತಟ್ಟಿಕೊಂಡು ಅಂಗಡಿಗೆ ಹೋದವನು ಹೊಸದರ ಬೆಲೆ ಕೇಳಿ ಹೋದಷ್ಟೇ ವೇಗದಲ್ಲಿ ವಾಪಸ್ಸು ಬಂದ. ಸಂಜೆಗೆ ಬೇರೆ ದಾರಿ ಹುಡುಕಿದ್ದ. ಅವನು ಫ್ರಿಜ್ಜು ರಿಪೇರಿಗೆ ಹೋದ ಮನೆಯೊಂದರಲ್ಲಿ ಹಳೇ ಸೀಟು ಮಾರಾಟಕ್ಕಿತ್ತಂತೆ. ಒಳ್ಳೇ ಜನ, ವಸ್ತು ಹೊಸದರ ಹಾಗೇ ಇದೆ, ಬನ್ನಿ ಭಾವ, ನೋಡಿ ತಂದುಬಿಡೋಣ ಅಂದ. ಆಮೆಯಣ್ಣ ಹೂಂ ಅಂದ.

ಆ ಮನೆಯವರು ಬೇರೆ ಕಡೆ ಹೊರಟಿದ್ದರು. ಹಾಲ್ ತುಂಬ ರಟ್ಟಿನ ಡಬ್ಬಗಳು, ಗೋಡೆಯ ಮೇಲೆ ಫೋಟೋ ತೆಗೆದ ಜಾಗದಲ್ಲೆಲ್ಲ ಬಿಳಿ ಚೌಕಗಳು. ಮನೆಯಾಕೆ ಸಂಗೀತದ ಟೀಚರು. ದಣಿದ ಮುಖ, ಸೊಂಟಕ್ಕೆ ಬಿಗಿದ ಸೆರಗು. ಕೂರಲು ಜಾಗ ಮಾಡಿಕೊಡಲಾಗದ್ದಕ್ಕೆ ಬೇಜಾರು ಪಟ್ಟುಕೊಂಡು, ಸೀಟನ್ನು ಒಂದು ಡಬ್ಬದ ಮೇಲಿಟ್ಟು ಬಟ್ಟೆಯಲ್ಲಿ ಒರೆಸಿದಳು. ಬೂದು ಬಣ್ಣದ ಸೀಟು, ಅಲ್ಲಲ್ಲಿ ಮಾಸಿದ ಹಳದಿ ಹೂವು. ಬಾಮೈದ ಅದನ್ನು ಎತ್ತಿ, ತಿರುಗಿಸಿ, ಬೆನ್ನಿಗೆ ಎರಡು ಏಟು ಹಾಕಿ, ಕಲ್ಲು ಕಲ್ಲಾಗಿದೆ ಅಂತ ತೀರ್ಪು ಕೊಟ್ಟ.

ಆಮೆಯಣ್ಣ ಬಗ್ಗಿ ಮೂಸಿದ. ಹುಳಿ ಹಾಲಿನ ವಾಸನೆ. ಸಂದಿಯಲ್ಲಿ ಬಿಸ್ಕತ್ತಿನ ಪುಡಿ. ಯಾವುದೋ ಮಗು ಇಲ್ಲಿ ತಿಂದಿದೆ, ಅತ್ತಿದೆ, ನಿದ್ದೆ ಮಾಡಿದೆ ಅನ್ನೋದು ಅವನಿಗೆ ಹಿತವಾಗಿಯೇ ಕಂಡಿತು. ಬೆಲ್ಟು ಹಿಡಿದು ಎಳೆದ. ಬಂತು. ಬಿಟ್ಟ. ಹೋಯಿತು. ಹೇಳುವಂಥ ಕೊರತೆ ಏನೂ ಕಾಣಲಿಲ್ಲ. ಆದರೂ ಗುದ್ದಿದ ವಸ್ತು ಒಳಗೊಳಗೇ ಬಿರುಕು ಬಿಟ್ಟಿರಬಹುದು ಅನ್ನಿಸಿ ಕೇಳಿದ.

"ಇದು ಯಾವಾಗಾದರೂ ಗುದ್ದಿದ ಗಾಡಿಯಲ್ಲಿ ಇತ್ತಾಮ್ಮ?"

ಬಾಮೈದ ಮುಜುಗರದಿಂದ ಕೆಮ್ಮಿದ. ಆಕೆ ಒರೆಸುವುದನ್ನು ನಿಲ್ಲಿಸಿದಳು. "ನಮ್ಮ ಮನೆಗೆ ಬಂದ ಮೇಲೆ ಏನೂ ಆಗಿಲ್ಲ," ಅಂದಳು. "ಅದಕ್ಕೆ ಮುಂಚಿನದು ನಂಗೆ ಗೊತ್ತಿಲ್ಲ. ನಾವೂ ಹಳೇದೇ ತಗೊಂಡಿದ್ವಿ. ಆಗ ಕೇಳಬೇಕು ಅಂತ ಹೊಳೀಲಿಲ್ಲ."

ಆಕೆ ಇಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ಅವನು ಸೀಟನ್ನು ಹೊತ್ತುಕೊಂಡು ಹೊರಟುಬಿಡುತ್ತಿದ್ದ. ನಿಜ ಹೇಳಿ ಅವನ ತಲೆ ಮೇಲೆ ಕಲ್ಲು ಹೊರಿಸಿದಳು. ನಾಳೆ ಹೇಳ್ತೀನಿ ಅಂದು ಹೊರಗೆ ಬಂದ. ಕಾರಿನಲ್ಲಿ ಬಾಮೈದ ಒಂದೇ ಸಮನೆ ಮಾತಾಡಿದ. ನಾವೆಲ್ಲ ಅಮ್ಮಂದಿರ ತೊಡೆ ಮೇಲೆ ಕೂತೇ ಬೆಳೆದವರಲ್ಲವಾ, ಸತ್ತೆವಾ? ಇಲ್ಲದ ಹುಳ ತಲೆಗೆ ಬಿಟ್ಟುಕೊಂಡರೆ ಹೇಗೆ? ನಾನು ಮಾತು ಕೊಟ್ಟು ಬಂದ ಮನೆ, ನನ್ನ ಮರ್ಯಾದೆ ಏನಾಗಬೇಕು? ಆಮೆಯಣ್ಣ ಕಿಟಕಿಗೆ ತಲೆಯಾನಿಸಿ ಕೂತಿದ್ದ. ಹೂಂ ಕೂಡ ಅನ್ನಲಿಲ್ಲ.

ಅವನಿಗೆ ತನ್ನ ಮೊದಲ ಬಸ್ಸು ನೆನಪಾಗಿತ್ತು. ಒಂದು ಲಾರಿ ಹಿಂದಕ್ಕೆ ಬರುತ್ತಾ ಅದರ ಮೂತಿಗೆ ತಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ತಗ್ಗು ಬಿದ್ದದ್ದನ್ನು ತಟ್ಟಿ, ಬಣ್ಣ ಬಳಿದು, ಬಸ್ಸನ್ನು ಮತ್ತೆ ಅವನ ಕೈಗೇ ಕೊಟ್ಟರು. ನೋಡಿದವರಿಗೆ ಮದುಮಗಳ ಹಾಗೆ ಇತ್ತು. ಅವನ ಕೈಗೆ ಮಾತ್ರ ಅದು ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತು. ಮೆಕ್ಯಾನಿಕ್ಕು ಅಳೆದು ನೋಡಿ ಎಲ್ಲ ಸರಿ ಇದೆ ಅಂದ. ಇದ್ದರೂ ಇದ್ದೀತು. ಆದರೆ ಆ ಬಸ್ಸಿನಲ್ಲಿ ಒಂದು ದಿನವೂ ಅವನು ಬೆನ್ನು ಹಿಂದಕ್ಕೆ ಒರಗಿಸಿ ಕೂರಲಿಲ್ಲ.

ಮರುದಿನ ವಾರ್ಡಿಗೆ ಹೋದಾಗ ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದ್ದಳು. ತಮ್ಮ ಆಗಲೇ ಫೋನು ಮಾಡಿ ಭಾವನ ಮೇಲೆ ದೂರು ಹೇಳಿದ್ದ. ಅವನು ಸ್ಟೂಲಿನ ಮೇಲೆ ಕೂತು ಇದ್ದದ್ದನ್ನೆಲ್ಲ ಹೇಳಿದ. ಸೀಟಿನಲ್ಲಿ ತಪ್ಪು ಕಾಣಲಿಲ್ಲ, ಆ ಹೆಂಗಸಿನಲ್ಲೂ ಇಲ್ಲ, ಆದರೂ ಮನಸ್ಸು ಒಪ್ಪುತ್ತಿಲ್ಲ. ಬೇಡ ಅಂದರೆ ತಮ್ಮ ಮುಖ ಊದಿಸಿಕೊಳ್ಳುತ್ತಾನೆ. ನಾಳೆ ಮಗುವನ್ನು ಕರಕೊಂಡು ಹೋಗಲು ದಾರಿಯೂ ಇಲ್ಲ.

ಅವಳು ನಿಧಾನವಾಗಿ ಈ ಕಡೆ ತಿರುಗಿದಳು. ಕಣ್ಣ ಸುತ್ತ ಕಪ್ಪಾಗಿತ್ತು.

"ರೀ, ನಿಮಗೆ ಬೇಕಾ ಬೇಡವಾ, ಅಷ್ಟು ಹೇಳಿ," ಅಂದಳು. "ನನಗೆ ಯೋಚನೆ ಮಾಡೋ ಶಕ್ತಿ ಇಲ್ಲ. ಇವತ್ತು ಒಂದು ದಿನ ನೀವು ಮಾಡಿ."

"ಬೇಡ," ಅಂದ.

"ಹಾಗಾದರೆ ಬೇಡ," ಅಂದು ಅವಳು ಕಣ್ಣು ಮುಚ್ಚಿದಳು.

ಅವನಿಗೆ ಒಂದು ಗಳಿಗೆ ಮೈ ಹಗುರಾಯಿತು, ಮರುಗಳಿಗೆ ಇನ್ನೂ ಭಾರವಾಯಿತು. ಬಾಗಿಲ ಹತ್ತಿರ ನರ್ಸು ಸಿಕ್ಕಳು. ಅವಳೂ ಪಾಳಿ ಮೇಲೆ ಪಾಳಿ ಮಾಡಿ ಸೋತವಳು, ಕಂಬಕ್ಕೆ ಒರಗಿ ಒಂದು ಕಾಲಿಗೆ ರೆಸ್ಟು ಕೊಡುತ್ತಿದ್ದಳು. ಸೀಟಿನ ವ್ಯವಸ್ಥೆ ಆಯಿತಾ ಅಂತ ಕೇಳಿದಳು. ಇಲ್ಲ ಅಂದ. ಕಾರಿಲ್ಲದವರು ಏನು ಮಾಡುತ್ತಾರೆ ಅಂತ ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದ. ಅವಳು ಅವನನ್ನು, ಅವನ ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಬಸ್ಸಿಗೆ ಆ ರೂಲ್ಸು ಇಲ್ಲ. ಬಸ್ಸಲ್ಲಿ ಹೋಗ್ತಾರೆ," ಅಂದಳು. "ನೀವು ಬಸ್ ಡ್ರೈವರ್ ಅಲ್ವೇನ್ರಿ?"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು ಅವನ ಪಾಡು. ನಗು ಬಂತು, ನಗಲು ತ್ರಾಣ ಇರಲಿಲ್ಲ.

ಟೀಚರಮ್ಮನಿಗೆ ಫೋನು ಮಾಡಿ ಬೇಡ ಅಂತ ತಾನೇ ಹೇಳಿದ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಇನ್ನಿಬ್ಬರು ಕೇಳಿದ್ದಾರೆ, ಅವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೀನಿ, ಆಮೇಲೆ ಅವರಿಷ್ಟ ಅಂದಳು. ಬಾಮೈದ ಮಾತ್ರ, ಬಾಣಂತಿಯನ್ನೂ ಹಸುಗೂಸನ್ನೂ ಬಸ್ಸಿನಲ್ಲಿ ತರುತ್ತೀರಾ, ನೋಡಿದವರು ಏನಂದಾರು ಅಂತ ಸಿಡುಕಿ ಫೋನು ಇಟ್ಟ. ಬಸ್ಸು ಅಂದರೆ ಏನೂ ಆಗೋದೇ ಇಲ್ಲ ಅಂತಲ್ಲ, ಅದು ಆಮೆಯಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಆ ದಾರಿಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತು, ಬಸ್ಸಿನ ಬ್ರೇಕು ಗೊತ್ತು, ಓಡಿಸುವವನೂ ಗೊತ್ತು.

ತಾನು ರಜೆ ಹಾಕುವ ಆ ದಿನ ಓಡಿಸುವವನು ಅಂದರೆ ಮೀಸೆಯವನು, ಡಿಪೋಗೆಲ್ಲ ಮುಂಗೋಪಿ, ಸಿಗ್ನಲ್ಲು ಹಳದಿಯಾದರೆ ನುಗ್ಗುವ ಜಾತಿ. ಅವನ ಎಷ್ಟೋ ಪಾಳಿಗಳನ್ನು ಆಮೆಯಣ್ಣ ಹೊತ್ತಿದ್ದ. ತನಗಾಗಿ ಏನಾದರೂ ಕೇಳಿದ್ದು ಇದೇ ಮೊದಲು. ಹೆಂಡತಿ, ಮಗು ಬಸ್ಸಲ್ಲಿ ಬರುತ್ತಾರೆ, ಸ್ವಲ್ಪ ನಿಧಾನವಾಗಿ ಓಡಿಸು ಅಂತ ಶುರು ಮಾಡಿದ. ಮೀಸೆಯವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಮಧ್ಯಾಹ್ನ ಜನ ಕಡಿಮೆ ಇರುತ್ತಾರೆ, ಆ ಹೊತ್ತಿಗೆ ಗೇಟಿನ ಹತ್ತಿರ ಇರು ಅಂದ.

ಮರುದಿನ ಮಧ್ಯಾಹ್ನ ಬಸ್ಸು ಬಂದು ಮೆಟ್ಟಿಲನ್ನು ಫುಟ್‌ಪಾತಿಗೆ ತಾಗಿಸಿ ನಿಂತಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ಹತ್ತಿದಳು. ಮಗುವನ್ನು ಎದೆಗೆ ಬಟ್ಟೆಯಿಂದ ಕಟ್ಟಿಕೊಂಡಿದ್ದಳು, ಉಣ್ಣೆ ಟೋಪಿಯ ಕೆಳಗೆ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಮಧ್ಯದ ಸೀಟಿನಲ್ಲಿ ಅವಳನ್ನು ಕಿಟಕಿ ಕಡೆ ಕೂರಿಸಿ, ತಾನು ಪಕ್ಕದಲ್ಲಿ ಕೂತು, ಮುಂದಿನ ಕಂಬಿಗೆ ಕೈ ಅಡ್ಡ ಕೊಟ್ಟ. ಇಷ್ಟು ವರ್ಷ ಓಡಿಸಿದ ಬಸ್ಸಿನಲ್ಲಿ ಹಿಂದೆ ಕೂತದ್ದು ನೆನಪಿರಲಿಲ್ಲ. ಮುಂದಿನ ಗಾಜು ದೂರವಾಗಿ, ಪಾದದ ಕೆಳಗೆ ಬ್ರೇಕಿಲ್ಲದೆ, ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು.

ಬಸ್ಸು ಹೊರಟದ್ದೇ ತಿಳಿಯಲಿಲ್ಲ. ಮೀಸೆಯವನು ಎತ್ತಿನ ಗಾಡಿಯ ಹಾಗೆ ಓಡಿಸುತ್ತಿದ್ದ. ಹಿಂದಿನಿಂದ ಹಾರನ್ನುಗಳು ಬಡಿದುಕೊಂಡವು. ಫೈಲು ಹಿಡಿದ ಒಬ್ಬ, ಇವತ್ತು ಆಮೆ ರಜಾ ಅಂತ ಖುಷಿಯಾಗಿ ಹತ್ತಿದರೆ ಇವನು ಆಮೆಯ ಅಪ್ಪ ಅಂತ ಗೊಣಗಿದ. ಮೀಸೆಯವನು ಕನ್ನಡಿಯಲ್ಲಿ ಅವನನ್ನೇ ದುರುಗುಟ್ಟಿದ. ಹೆಂಡತಿ ಕಣ್ಣು ಮುಚ್ಚಿಕೊಂಡೇ ನಕ್ಕಳು, ಹೊಲಿಗೆ ಎಳೆದು ಆಹ್ ಅಂದಳು.

ಮನೆ ಸೇರಿ, ಅವಳನ್ನು ಮಲಗಿಸಿ, ಮಗುವನ್ನು ಪಕ್ಕದಲ್ಲಿಟ್ಟು, ಒಂದು ನಿಮಿಷ ಕೂರೋಣ ಅಂತ ಅವನು ನೆಲದ ಮೇಲೆ ಗೋಡೆಗೊರಗಿದ್ದಷ್ಟೇ ನೆನಪು. ಎಚ್ಚರಾದಾಗ ಬಿಸಿಲು ಇಳಿದಿತ್ತು. ಹಾಕದೇ ಬಿಟ್ಟಿದ್ದ ಬಾಗಿಲನ್ನು ಯಾರೋ ಮುಂದೆ ಮಾಡಿದ್ದರು. ಬಾಮೈದ ಕುರ್ಚಿಯ ತುದಿಯಲ್ಲಿ, ಗಾಜಿನ ಸಾಮಾನು ಹಿಡಿದವನ ಹಾಗೆ ಮಗುವನ್ನು ಹಿಡಿದು ಕೂತಿದ್ದ. ಮುಖ ಇನ್ನೂ ಬಿಗಿಯಾಗೇ ಇತ್ತು.

"ಅಳ್ತಿದ್ಲು ಭಾವ," ಅಂದ ಮೆಲ್ಲಗೆ. "ನೀವಿಬ್ಬರೂ ಏಳಲಿಲ್ಲ."

ಸೀಟಿನ ಮಾತು ಇಬ್ಬರೂ ಎತ್ತಲಿಲ್ಲ. ಮುಂದೆ ಮೊದಲ ಚುಚ್ಚುಮದ್ದಿಗೂ ಬಸ್ಸಿನಲ್ಲೇ ಹೋಗಿ ಬಂದರು. ಹೊಸ ಸೀಟು ಮನೆಗೆ ಬಂದದ್ದು ಮಗು ಕತ್ತು ನಿಲ್ಲಿಸಿದ ಮೇಲೆ, ಅದೂ ಅರ್ಧ ದುಡ್ಡು ಬಾಮೈದನದು, ಅರ್ಧ ಇವರದು. ಆ ಸಂಜೆ ಆಮೆಯಣ್ಣ ಎದ್ದು ಬಾಗಿ, ಒಂದೇ ಬೆರಳಲ್ಲಿ ಮಗಳ ಗಲ್ಲ ಮುಟ್ಟಿ ನೋಡಿದ. ಬೆಚ್ಚಗಿತ್ತು. ನಾಳೆ ಬೆಳಗಿನ ಪಾಳಿ ತನ್ನದೇ ಅನ್ನೋದು ನೆನಪಾಯಿತು. ಇನ್ನೊಂದು ಗಳಿಗೆ ಹಿಡಿದುಕೊಂಡಿರಪ್ಪ ಅಂತ ಬಾಮೈದನಿಗೆ ಹೇಳಿ, ಅಲ್ಲೇ ನೆಲದ ಮೇಲೆ ಕಾಲು ಚಾಚಿದ.