ಕೈಗೆ ಕೊಟ್ಟ ಕಟ್ಟು

ಸೊಳ್ಳೆ ಓಡಿಸಲೆಂದು ಸೊಸೆ ಮೊನ್ನೆ ಪೇಟೆಯಿಂದ ಮಜ್ಜಿಗೆಹುಲ್ಲಿನ ಎಣ್ಣೆಯ ಬಾಟಲಿ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ನಾನು ಓದುತ್ತಿದ್ದ ಪೇಪರು ಮಡಿಸಿಟ್ಟೆ. ಶಿರಸಿಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ನಮ್ಮ ಹಳೆಗ್ರಂಥ ಪ್ರಕಾಶನ ಮಂಡಳಿಯ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು. ತಾಳೆಗರಿಗೆ ಹುಳ ಹಿಡಿಯಬಾರದೆಂದು ಮಾಸ್ತರು ಒಂದೊಂದೇ ಗರಿಗೆ ಈ ಎಣ್ಣೆ ಸವರಿ, ಒರೆಸಿ, ನೆರಳಲ್ಲಿ ಹರವುತ್ತಿದ್ದರು... "ಎಂತಾ ಆತು ಮಾವಾ, ವಾಸನೆ ಆಗ್ತಿಲ್ಯಾ?" ಎಂದು ಸೊಸೆ ಕೇಳಿದಳು. ಏನೂ ಇಲ್ಲ ಎಂದೆ.

ಮಾಸ್ತರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದೇ ಅವರ ದೊಡ್ಡ ಓದು. ಆದರೆ ಮಂಡಳಿಯನ್ನು ಹುಟ್ಟುಹಾಕಿದವರು ಅವರೇ. ಅಧ್ಯಕ್ಷ, ಉಪಾಧ್ಯಕ್ಷ ಎಂಬ ಉಸಾಬರಿ ಆಗ ಇರಲಿಲ್ಲ. ಹಳ್ಳಿಗೆ ಹೋಗಿ ಗರಿ ತರುವವರು ಅವರು, ಓದಿ ನಕಲು ಮಾಡುವವರು ಅವರು, ಅಚ್ಚಿನ ಕರಡು ತಿದ್ದುವವರು ಅವರು, ಕೋಣೆ ಗುಡಿಸುವವರೂ ಅವರೇ. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಊರಿನ ಹಿರಿಯರಿಗೆ ಹುರುಪು ಬಂತು. ಕನ್ನಡದ ರಾಜ್ಯವೇ ಆಯಿತು, ನಮ್ಮ ಮಂಡಳಿ ಇನ್ನೂ ಒಬ್ಬ ಮಾಸ್ತರ ಕೈಚೀಲದಲ್ಲಿದ್ದರೆ ಹೇಗೆ ಎಂದರು. ರಿಜಿಸ್ಟರ್ ಮಾಡಿಸಬೇಕು, ನಿಯಮಾವಳಿ ಬೇಕು ಎಂದಾಯಿತು. ಅದನ್ನು ಬರೆಯಲು ಸಿಕ್ಕವನು ನಾನು. ಧಾರವಾಡದಲ್ಲಿ ಎಂ.ಎ. ಮುಗಿಸಿ ಹೈಸ್ಕೂಲಿಗೆ ಸೇರಿದ್ದ, ತಲೆಯ ಮೇಲೆ ಎರಡು ಕೋಡು ಮೂಡಿದ್ದ ಇಪ್ಪತ್ತೇಳರ ಮಹಾಶಯ!

ಮಾಸ್ತರು ಗರಿ ತರುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ಸಿದ್ದಾಪುರದ ಕಡೆಯ ಮನೆಗಳಲ್ಲಿ ತಾಳೆಗರಿಯ ಕಟ್ಟೆಂದರೆ ದೇವರ ಸಮಾನ. ನವರಾತ್ರಿಯ ಶಾರದಾ ಪೂಜೆಗೆ ಅದು ಮನೆಯಲ್ಲಿರಲೇಬೇಕು. ಹೊರಗೆ ಕೊಡುವುದಾದರೆ ಮನೆಯ ಹಿರಿಯರು ಹರಿವಾಣದಲ್ಲಿಟ್ಟು ತಂದು, ಕೇಳಿ ಬಂದವನ ಎರಡೂ ಕೈಗೆ ಕೊಡುತ್ತಿದ್ದರು. ಚೀಟಿಯಿಲ್ಲ, ಸಹಿಯಿಲ್ಲ. ನವರಾತ್ರಿಯೊಳಗೆ ನಿಮ್ಮ ಕೈಗೆ ಮುಟ್ಟಿಸುತ್ತೇನೆ ಎಂಬ ಮಾತೊಂದೇ. ಯಾರ ಕೈಗೆ ಕೊಟ್ಟರೋ ಆ ಕೈಯಿಂದಲೇ ಅದು ಹಿಂದೆ ಬರಬೇಕು. ಒಮ್ಮೆ ಮಾಸ್ತರು ಜ್ವರದಲ್ಲಿ ನಡುಗುತ್ತಲೇ ಬಿಳಗಿಯ ಬಸ್ಸಿಗೆ ಹೊರಟದ್ದನ್ನು ಕಂಡು, ಬೇರೆ ಯಾರ ಹತ್ತಿರವಾದರೂ ಕಳಿಸಬಾರದೇ ಎಂದು ನಾನು ನಕ್ಕಿದ್ದೆ.

"ಮಾತು ಕೊಟ್ಟಿದ್ದು ಆನಲ್ದಾ ತಮಾ," ಎಂದಿದ್ದರು.

ಆಗ ಅವರು ಓದುತ್ತಿದ್ದದ್ದು ಬಿಳಗಿ ಅರಸರ ಕಾಲದ ಒಂದು ಕಾವ್ಯ. ಅದರ ಮೊದಲರ್ಧದ ಕಟ್ಟು ಹೆಗ್ಗರಣೆಯ ಒಂದು ಮನೆಯಿಂದ ಬಂದಿತ್ತು. ಆ ಮನೆಯ ಯಜಮಾನಿಕೆ ಒಬ್ಬ ಅಜ್ಜಿಯದು. ಮೊದಲು ಇದು ಪೂಜೆಗೆ ಮರಳಿ ಬರಲಿ, ಆಮೇಲೆ ಉಳಿದರ್ಧ ಒಯ್ಯಿರಿ ಎಂದಿದ್ದರಂತೆ. ಇನ್ನೊಂದು ಪ್ರತಿ ಎಲ್ಲಿಯೂ ಸಿಕ್ಕಿರಲಿಲ್ಲ. ಇಡೀ ಕಾವ್ಯ ಅಚ್ಚಾಗುವುದನ್ನು ಕಣ್ಣಾರೆ ನೋಡಬೇಕು, ಅದೊಂದೇ ಮಾಸ್ತರ ಆಸೆ.

ನಿಯಮಾವಳಿಯಲ್ಲಿ ನಾನೊಂದು ಸಾಲು ಸೇರಿಸಿದೆ: ಕಾರ್ಯದರ್ಶಿಯೂ ಸಂಪಾದಕನೂ ಪದವೀಧರರಾಗಿರತಕ್ಕದ್ದು. ಸರ್ಕಾರದ ಮಾನ್ಯತೆಗೆ ಇದು ಬೇಕಾಗುತ್ತದೆ ಎಂದು ಎಲ್ಲರನ್ನೂ ನಂಬಿಸಿದೆ. ಮಾನ್ಯತೆಗೆ ಬೇಕಾಗಿರಲಿಲ್ಲ, ನನಗೆ ಬೇಕಾಗಿತ್ತು. ಮುಖಪುಟದಲ್ಲಿ ನನ್ನ ಹೆಸರು ನೋಡುವ ಹಸಿವು, ಇನ್ನೇನು? ವಕೀಲರೊಬ್ಬರು ಅಧ್ಯಕ್ಷರಾದರು. ನಾನು ಕಾರ್ಯದರ್ಶಿ, ನಾನೇ ಸಂಪಾದಕ. ಮಾಸ್ತರಿಗೆ 'ಗೌರವ ಸಲಹೆಗಾರ' ಎಂಬ ಬಿರುದು. ಸಭೆಯ ಠರಾವು ಬರೆಯುವುದು ಆ ದಿನದವರೆಗೆ ಕಾರ್ಯದರ್ಶಿಯ ಕೆಲಸ ನೋಡಿಕೊಂಡಿದ್ದವರ ಪಾಲಿನದು. ಹಾಗಾಗಿ ತಮ್ಮನ್ನು ತೆಗೆದ ಠರಾವನ್ನು ಮಾಸ್ತರೇ ಬರೆದರು, ಆ ಮುತ್ತಿನಂಥ ಅಕ್ಷರದಲ್ಲಿ. ಬರೆದು ಮುಗಿಸಿ, "ಸಮಾ ಇದ್ದಾ ನೋಡು ತಮಾ" ಎಂದು ನನ್ನ ಮುಂದೆ ಸರಿಸಿದರು. ನಾನು ಓದಿದಂತೆ ಮಾಡಿ ತಲೆಯಾಡಿಸಿದೆ.

ಕಪಾಟಿನ ಬೀಗದ ಕೈ ಕೊಡುವಾಗ ಅವರು ಕೇಳಿದ್ದು ಒಂದೇ. "ಹೆಗ್ಗರಣೆ ಕಟ್ಟು ಮಾತ್ರ ಆನೇ ತಗಂಡು ಹೋಗ್ತೆ."

"ಇನ್ನು ಅದು ಮಂಡಳಿಯ ಜವಾಬ್ದಾರಿ ಮಾಸ್ತರೇ, ತಾವು ದಣಿಯಬಾರದು," ಎಂದೆ. ಮನೆಮಾತು ಬಿಟ್ಟು ಪುಸ್ತಕದ ಭಾಷೆಯಲ್ಲಿ ಹೇಳಿದ್ದೆ. ಅವರು ಮತ್ತೆ ಕೇಳಲಿಲ್ಲ.

ನವರಾತ್ರಿ ಹತ್ತಿರ ಬಂದಾಗ ಮಂಡಳಿಗೆ ಹೊಸದಾಗಿ ಸೇರಿದ್ದ ಜವಾನನ ಕೈಗೆ ಕಟ್ಟು ಕೊಟ್ಟು, ಮೊಹರು ಒತ್ತಿದ ಪತ್ರ, ಅಜ್ಜಿ ಸಹಿ ಹಾಕಬೇಕಾದ ಅಚ್ಚಿನ ಫಾರ್ಮು ಸಮೇತ ಬಸ್ಸು ಹತ್ತಿಸಿದೆ. ಅವನು ಬನವಾಸಿ ಕಡೆಯವನು. ಸಂಜೆ ಕಟ್ಟು ಹಿಡಿದುಕೊಂಡೇ ವಾಪಸು ಬಂದ.

"ಅಜ್ಜಿಯವ್ರು ಮುಟ್ಟಲೇ ಇಲ್ರೀ ಸರ. ಮಾಸ್ತರ ಕೈಯಾಗ ಕೊಟ್ಟೇನಿ, ಮಾಸ್ತರೇ ತರಲಿ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ರಿಜಿಸ್ಟರ್ ಆದ ಸಂಸ್ಥೆಯ ಮೊಹರಿಗಿಂತ ಆ ಮುಲ್ಕಿ ಮಾಸ್ತರ ಕೈ ಹೆಚ್ಚೇ ಎನ್ನಿಸಿತು. ಎರಡು ದಿನ ಬಿಟ್ಟು ಮತ್ತೆ ಕಳಿಸಿದೆ. ಮತ್ತೆ ಹಾಗೇ ಬಂತು. ಮಾಸ್ತರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಧಿಕಾರ ಹಿಡಿದ ಹೊಸತರಲ್ಲೇ ಅವರ ಮುಂದೆ ಹೋಗಿ ನಿಲ್ಲುವುದೇ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನನ್ನ ಕತೆಯೂ ಅದೇ. ಕಟ್ಟು ಕಪಾಟಿನಲ್ಲೇ ಉಳಿಯಿತು.

ಹೈಸ್ಕೂಲಿನ ಶಾರದಾ ಪೂಜೆಗೆ ಮಾಸ್ತರು ಬಂದಿದ್ದರು. ಮಂಗಳಾರತಿ ಮುಗಿದದ್ದೇ ನನ್ನ ಬಳಿ ಬಂದು, "ಹೆಗ್ಗರಣೆದು ಮುಟ್ಟಿದ್ದಾ ತಮಾ?" ಎಂದರು.

"ಮುಟ್ಟಿದ್ದು," ಎಂದೆ.

ಶಾರದೆಯ ಎದುರಿಗೆ ನಿಂತು, ಕೈಯಲ್ಲಿ ಪಂಚಕಜ್ಜಾಯ ಹಿಡಿದುಕೊಂಡು ಅಂಥ ಸುಳ್ಳು ಹೇಳಿದೆ. ಅಯ್ಯೋ, ಆ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ... "ಹಂಗಾರೆ ನಾಡಿದ್ದು ಹೋಗಿ ಉಳಿದರ್ಧ ತತ್ತೆ," ಎಂದರು. ಆಗಲಾದರೂ ತಡೆಯಬಹುದಿತ್ತು. ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡೆ.

ಹೇಳಿದ ದಿನವೇ ಅವರು ಹೆಗ್ಗರಣೆಗೆ ಹೋದರು. ಮಾರನೆಯ ದಿನ ಬೆಳಿಗ್ಗೆ ಮಂಡಳಿಯ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದರು. ಬೈಯುತ್ತಾರೆಂದು ನಾನು ಸಿದ್ಧನಾಗಿದ್ದೆ. "ಆ ಕಟ್ಟು ಕೊಡು" ಎಂದರು, ಅಷ್ಟೇ. ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು, ಪಂಚೆಯ ಅಂಚಿನಿಂದ ಧೂಳು ಒರೆಸಿ, ಎದೆಗೆ ಅವಚಿ ಇಳಿದು ಹೋದರು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಕಾವ್ಯ ಅರ್ಧವೇ ಅಚ್ಚಾಯಿತು. ನಕಲು ಮಾಡಿದ್ದು ಅವರು, ಸಂಪಾದಕ ನಾನು. 'ಉತ್ತರಾರ್ಧ ಲಭ್ಯವಾಗಿಲ್ಲ' ಎಂದು ಮುನ್ನುಡಿಯಲ್ಲಿ ಬರೆದೆ. ಅದಾಗಿ ಎರಡು ವರ್ಷಕ್ಕೆ ಮಾಸ್ತರು ತೀರಿಕೊಂಡರು. ಅವರ ಉತ್ತರಕ್ರಿಯೆಯ ದಿನಗಳು ಮುಗಿದ ಮೇಲೆ, ಫಾರ್ಮು ಮೊಹರು ಎಲ್ಲ ಬಿಟ್ಟು, ನಾನೊಬ್ಬನೇ ಹೆಗ್ಗರಣೆಗೆ ಹೋದೆ. ಅಜ್ಜಿ ಕಾಲಿಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು, ಆಸ್ರಿಗೆ, ಕುಡಿಯಲು ಎಂತ ಮಾಡಲಿ ಎಂದು ಕೇಳಿದರು. ಉಳಿದರ್ಧ ಕೇಳಲು ಬಂದೆ ಎಂದೆ.

"ತಡ ಆತು ತಮಾ. ಮಾಸ್ತರು ಹೋದ ಸುದ್ದಿ ಬಂದ ವಾರವೇ ಹೊಳೆಗೆ ಬಿಟ್ಯ. ಓದವು ಇಲ್ಲೆ ಅಂದ್ಮೇಲೆ ಮನೇಲಿ ಇಟ್ಗಂಬ್ಲಾಗ ಅಲ್ದಾ?"

ಓದುವವರಿಲ್ಲದ ಗರಿಯನ್ನು ಪೂಜೆ ಮಾಡಿ ಹೊಳೆಗೆ ಬಿಡುವುದು ಆ ಕಡೆಯ ರೂಢಿ. ಅಘನಾಶಿನಿಯ ಪಾಲಾಗಿತ್ತು ಅದು. ಅಂದು ಕಟ್ಟು ಮರಳಿಸಲು ಬಂದ ಮಾಸ್ತರು ಏನು ಹೇಳಿದರು ಎಂದು ಕೇಳಿದೆ. ಪೂಜೆ ತಪ್ಪಿದ್ದು ತಮ್ಮ ಮರೆವಿನಿಂದಲೇ, ಬೇರೆ ಯಾರ ತಪ್ಪೂ ಅಲ್ಲ ಎಂದು ಅಂಗಳದಲ್ಲಿ ಕೈಮುಗಿದು ನಿಂತಿದ್ದರಂತೆ. ಮಾತು ತಪ್ಪಿದವರಿಗೆ ಉಳಿದದ್ದನ್ನು ಕೊಡಲಾರೆ ಎಂದು ಅಜ್ಜಿ ಅವರ ಮುಖಕ್ಕೇ ಹೇಳಿದ್ದರಂತೆ... ಅದೂ ನನಗೆ ಬರಬೇಕಾದ ಮಾತು. ಅಜ್ಜಿಗೆ ನಿಜ ಹೇಳುವ ಧೈರ್ಯ ಅಂದೂ ನನಗೆ ಬರಲಿಲ್ಲ.

ಮಂಡಳಿಗೆ ಈಗ ಸ್ವಂತ ಕಟ್ಟಡವಿದೆ. ಎಷ್ಟೋ ಅಧ್ಯಕ್ಷರು ಬಂದು ಹೋದರು. ಈಗಿನ ಕಾರ್ಯದರ್ಶಿ ನಮ್ಮ ಕಡೆಯವಳೇ ಒಬ್ಬ ಹುಡುಗಿ, ಬಹಳ ಚುರುಕು. ಆ ಕಾವ್ಯದ ಮರುಮುದ್ರಣಕ್ಕೆ ಹೊರಟಿದ್ದಾಳೆ. ಎಣ್ಣೆ ತಂದ ಮರುದಿನವೇ ಫೋನು ಮಾಡಿದಳು.

"ಅಜ್ಜಾ, ಉಳಿದರ್ಧ ಎಲ್ಲಾದ್ರೂ ಇದ್ದಿಕ್ಕು, ಹುಡುಕನಾ?"

ಹುಡುಕಬೇಡ ಎಂದೆ. ಯಾಕೆಂದು ಕೇಳಿದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ. ಕೂಸು ಎಲ್ಲ ಕೇಳಿಸಿಕೊಂಡು, ಮಾಸ್ತರು ಮಂಡಳಿಗೆ ಬರುವುದು ಬಿಟ್ಟರೆ ಏನಾಯಿತು, ನೀವೇ ಅವರ ಮನೆಗೆ ಹೋಗಿ ತಪ್ಪಾಯಿತು ಎನ್ನಲಿಲ್ಲವೇ ಎಂದು ಕೇಳಿದಳು.

ಮಂಡಳಿಯಿಂದ ಅವರ ಮನೆಗೆ ಐದು ನಿಮಿಷದ ದಾರಿ. ಆ ಎರಡು ವರ್ಷವೂ ಅವರು ಅಲ್ಲೇ ಇದ್ದರು. ನಾನು ಹೋಗಲಿಲ್ಲ.