ಕೆಂಚಿಗೆ ಏನು ಗೊತ್ತಿತ್ತು

"ಒಳ್ಳೇದೇ ನೆನಕೊಂಡು ಬಾ ತಾಯಿ. ಕೂಸು ಒಳಗೆ ಅದೆ."

ಮಾರ್ಕಯನ್‌ಕೋಟ್ಟೈಯ ಆ ಮನೆಯ ಹೊಸ್ತಿಲಲ್ಲಿ ನನ್ನನ್ನು ಎದುರುಗೊಂಡ ಮೊದಲ ಮಾತು ಇದು. ಕಾಲಿಗೆ ನೀರು ಕೊಟ್ಟು, ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ ಮನೆಯೊಡತಿ ಬೊಮ್ಮಕ್ಕ ಹೇಳಿದ್ದು. ನಮ್ಮ ಕಡೆ ಯಾರ ಮನೆಗಾದರೂ ಹೋದರೆ ಚಪ್ಪಲಿ ಹೊರಗೆ ಬಿಡು ಅನ್ನುತ್ತಾರೆ. ಇಲ್ಲಿ ಕೆಟ್ಟ ಯೋಚನೆ ಹೊರಗೆ ಬಿಡು ಅಂದರು. ನೀವೇ ಒಮ್ಮೆ ಪ್ರಯತ್ನಿಸಿ ನೋಡಿ. ಒಳ್ಳೆಯದನ್ನೇ ಯೋಚಿಸಬೇಕು ಅಂದುಕೊಂಡ ತಕ್ಷಣ ತಲೆಯೊಳಗಿನ ಕಸವೆಲ್ಲ ಎದ್ದು ಬರುತ್ತದೆ. ದಿಂಡುಗಲ್ಲಿನಲ್ಲಿ ರೈಲಿಳಿದು ಬಸ್ಸು ಹತ್ತಿದ ಮೇಲೆ, ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ನಿದ್ದೆ ಹೊಡೆದ ಹೆಂಗಸಿಗೆ ನಾನು ಮನಸ್ಸಿನಲ್ಲೇ ಹಾಕಿದ್ದ ಶಾಪಗಳೆಲ್ಲ ಒಂದೊಂದಾಗಿ ನೆನಪಾದವು. ಒಳಗೆ ನಡುಮನೆಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಮುಖ ಮಾಡಿ ಕೂತು ವೀಳ್ಯದೆಲೆ ಜೋಡಿಸುತ್ತಿದ್ದಳು. ನನ್ನತ್ತ ತಿರುಗಲೂ ಇಲ್ಲ. ಸದ್ಯ, ಬಚಾವಾದೆ ಅಂದುಕೊಂಡೆ.

ಅವಳೇ ಕೆಂಚಿ, ಬೊಮ್ಮಕ್ಕನ ಮಗಳು. ಅವಳಿಗಾಗಿಯೇ ನಾನು ಅರಸೀಕೆರೆಯಿಂದ ಮದರಾಸು ರಾಜ್ಯದ ಈ ತುದಿಗೆ ಬಂದದ್ದು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವಳು ನಾನು. ಮಾತಿಲ್ಲದೆ, ಸನ್ನೆಯಿಲ್ಲದೆ ಒಬ್ಬರ ಮನಸ್ಸಿನದು ಇನ್ನೊಬ್ಬರ ಮನಸ್ಸಿಗೆ ದಾಟುತ್ತದೆಯೇ ಎಂಬುದು ನಮ್ಮ ಪ್ರಾಧ್ಯಾಪಕರ ಹುಚ್ಚು. ಹೊರದೇಶಗಳಲ್ಲಿ ಚಿತ್ರದ ಕಾರ್ಡುಗಳನ್ನಿಟ್ಟು ಇಂಥ ಪರೀಕ್ಷೆ ನಡೆಸುತ್ತಾರೆ. ಮಾತಾಡದ, ಯಾರ ಮುಖವನ್ನೂ ನೋಡದ, ತಮ್ಮೊಳಗೇ ಇರುವ ಮಕ್ಕಳಿಗೆ ಆಟಿಸಂ ಎಂದು ಈಚೆಗೆ ಹೆಸರಿಟ್ಟಿದ್ದಾರಲ್ಲ, ಅಂಥವರಲ್ಲಿ ಈ ಶಕ್ತಿ ಹೆಚ್ಚಿರಬಹುದೆಂದು ನಮ್ಮ ಪ್ರಾಧ್ಯಾಪಕರ ಊಹೆ. ಮನಸ್ಸಿನಲ್ಲಿರುವುದನ್ನು ಹೇಳದೆಯೇ ತಿಳಿಯುತ್ತಾಳಂತೆ ಎಂದು ಎಲೆ ವ್ಯಾಪಾರಿಯೊಬ್ಬನ ಬಾಯಿಂದ ಕೆಂಚಿಯ ಸುದ್ದಿ ಅವರ ಕಿವಿಗೆ ಬಿತ್ತು. ಹುಡುಗಿಯ ಮನೆಮಾತು ಕನ್ನಡ ಎಂದು ತಿಳಿದಾಗ ನನ್ನನ್ನು ಕಳಿಸಿದರು. ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಕನ್ನಡ ಅಂದೆನಲ್ಲ, ಆ ಧೈರ್ಯ ಒಂದೇ ದಿನದಲ್ಲಿ ಇಳಿದುಹೋಯಿತು. ನೂರಾರು ವರ್ಷಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ಒಕ್ಕಲು ಮಂದಿ ಇವರು. ಮಾತಾಡುವುದು ಕನ್ನಡ, ಓದುವುದು ಬರೆಯುವುದು ತಮಿಳು. ನನ್ನ ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದ್ದ ಪದ ಒಂದು ಬಂತು ಅಂದುಕೊಳ್ಳುವಷ್ಟರಲ್ಲಿ ಹಿಂದೆಯೇ ತಮಿಳಿನದು ಮೂರು ಬರುತ್ತವೆ. ಸ್ವಲ್ಪ ಅನ್ನುವುದಕ್ಕೆ ಕೊಂಜ, ಬೇಡ ಅನ್ನುವುದಕ್ಕೆ ವೇಂಡಾ. ನಾನು "ತಮ್ಮ ಊಟವಾಯಿತೇ?" ಎಂದು ಕೇಳಿದರೆ ಬೊಮ್ಮಕ್ಕನ ಗಂಡ ಗೌಡರು ಮೀಸೆಯಡಿಯಲ್ಲೇ ನಗುತ್ತಿದ್ದರು. ಅವರ ಪಾಲಿಗೆ ನಾನು ನಾಟಕದ ರಾಣಿಯ ಹಾಗೆ ಮಾತಾಡುವವಳು. ನಾನು ಪಾಠ ಮಾಡದಿದ್ದರೂ ಊರೆಲ್ಲ ನನ್ನನ್ನು ಟೀಚ್ರಮ್ಮ ಅಂತಲೇ ಕರೆಯಿತು.

ಮನೆಯ ಹಿಂದಿನ ಕೋಣೆ ನನ್ನದಾಯಿತು. ಊಟಕ್ಕೆ ರಾಗಿಮುದ್ದೆ ಕಂಡು ಕಣ್ಣು ತುಂಬಿತು. ಇಲ್ಲಿ ಅದು ಕಳಿ. ಜೊತೆಗೆ ಬಂದ ಕುಳಂಬು, ಅಂದರೆ ಇಲ್ಲಿಯ ಸಾರು, ಬಾಯಿಗಿಟ್ಟಾಗ ಕಣ್ಣು ಇನ್ನೊಮ್ಮೆ ತುಂಬಿತು, ಈ ಸಲ ಖಾರಕ್ಕೆ. ನಾನು ಬಂದದ್ದು ಆಡಿ ತಿಂಗಳಲ್ಲಿ, ನಮ್ಮ ಆಷಾಢದಲ್ಲಿ. ಬೆಟ್ಟದ ಕಡೆಯಿಂದ ಬೀಸುವ ಗಾಳಿ ನನ್ನ ಎರಡು ಸೀರೆಗಳನ್ನು ಹಾರಿಸಿಕೊಂಡು ಹೋಯಿತು. ನಮ್ಮ ಕಡೆ ಬೇಸಗೆಯಲ್ಲಿ ಕೆರೆ ಬಿರುಕು ಬಿಟ್ಟಿರುತ್ತದೆ, ಇಲ್ಲಿ ಕಾಲುವೆ ತುಂಬ ನೀರು, ಎತ್ತ ನೋಡಿದರೂ ಬತ್ತ. ಆದರೂ ಸಂಜೆಯಾದರೆ ನನಗೆ ಆ ಬಿರುಕು ಬಿಟ್ಟ ಕೆರೆಯೇ ಬೇಕೆನ್ನಿಸುತ್ತಿತ್ತು. ಮೂರು ತಿಂಗಳ ಮೇಲೆ ಕಂಬಂ ಸಂತೆಯಲ್ಲಿ ದ್ರಾಕ್ಷಿ ಮಾರುವವಳ ಜೊತೆ ತಮಿಳಿನಲ್ಲೇ ಜಗಳಾಡಿ ಗೆದ್ದ ದಿನ, ಗೊಂಚಲು ಹಿಡಿದುಕೊಂಡು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ.

ಕೆಂಚಿಯ ವಿಷಯಕ್ಕೆ ಬರುತ್ತೇನೆ. ಅವಳು ಹುಟ್ಟಿದಂದಿನಿಂದ ಒಂದು ಮಾತೂ ಆಡಿದವಳಲ್ಲ. ಎಲೆಗಳನ್ನು ಅಳತೆಗೆ ತಕ್ಕಂತೆ ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರು ಹತ್ತಿರದ ಪೇಟೆ ಚಿನ್ನಮನೂರಿನ ಎಲೆಮಂಡಿಯಲ್ಲೂ ಇರಲಿಲ್ಲ. ಬೊಮ್ಮಕ್ಕನಿಗೆ ಬಾಯಾರಿದರೆ ಹೇಳುವ ಮೊದಲೇ ನೀರು ತರುತ್ತಿದ್ದಳು. ಬೊಮ್ಮಕ್ಕನಿಗೆ ತನ್ನ ಅತ್ತೆಯ ಮೇಲೆ ಸಿಟ್ಟು ಬಂದರೆ ಕೆಂಚಿ ಎದ್ದು ಹೋಗಿ ಕೋಣೆ ಸೇರುತ್ತಿದ್ದಳಂತೆ. ಹೀಗಾಗಿ ಮನೆಯಲ್ಲಿ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಬೇಸರದಿಂದಲ್ಲ. "ಹೇಳದೇ ಅದಕ್ಕೆ ಎಲ್ಲ ತಿಳೀತದೆ. ಆಮೇಲೆ ಹೇಳೋದು ಏನಕೆ?" ಅನ್ನುತ್ತಿದ್ದಳು ಬೊಮ್ಮಕ್ಕ. ಮಗಳು ಎದುರಿಗಿದ್ದರೆ ಸಾಕು, ಅವಳು ತಲೆ ತಗ್ಗಿಸಿಬಿಡುತ್ತಿದ್ದಳು.

ನಾನು ಬಂದ ಎರಡನೇ ವಾರವೇ ಬೊಮ್ಮಕ್ಕ ನನ್ನನ್ನು ಹಿತ್ತಲಿಗೆ ಕರೆದು ಕೇಳಿದ್ದಳು. "ತಾಯಿ, ಕೂಸಿಗೆ ಹಿಂಗೆ ಎಲ್ಲ ತಿಳಿಯೋದ ನಿಲ್ಸೋಕೆ ಔಷಧಿ ಅದೆಯಾ?"

ಕಳೆದುಹೋದ ಒಡವೆ ಎಲ್ಲಿದೆ, ಮಗನಿಗೆ ಯಾವ ಹೆಣ್ಣು ಎಂದು ಕೇಳಿಕೊಂಡು ಬರುವ ಜನರ ಕಾಟಕ್ಕೆ ಬೇಸತ್ತು ಕೇಳುತ್ತಿದ್ದಾಳೆ ಅಂದುಕೊಂಡೆ. ನಿಲ್ಲಿಸಲು ಬಂದವಳಲ್ಲ, ಅಳೆಯಲು ಬಂದವಳು ಎಂದು ದೊಡ್ಡಸ್ತಿಕೆಯಿಂದ ಹೇಳಿಯೂ ಬಿಟ್ಟೆ. ಇಂಥ ಮಕ್ಕಳಾಗುವುದು ತಾಯಿಯ ಪ್ರೀತಿ ಸಾಲದೆ ಎಂದು ನಮ್ಮ ಪುಸ್ತಕಗಳಲ್ಲಿ ಬರೆದಿರುವುದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಆ ಪುಸ್ತಕವನ್ನು ಟ್ರಂಕಿನ ತಳದಲ್ಲಿಟ್ಟೆ.

ಐದು ಚಿತ್ರದ ಕಾರ್ಡುಗಳ ಎರಡು ಕಟ್ಟು ನಾನೇ ಬರೆದೆ: ಕೊಡ, ನೇಗಿಲು, ಹೂವು, ಹಸು, ಎಲೆ. ಬೊಮ್ಮಕ್ಕನ ಕೈಲಿ ಒಂದು ಕಾರ್ಡು. ಈ ಕಡೆ ಕೆಂಚಿಯ ಮುಂದೆ ನಾನು ಐದನ್ನೂ ಒಂದೊಂದಾಗಿ ಎತ್ತಿ ಹೆಸರು ಹೇಳುತ್ತ ಹೋಗುವುದು. ತಾಯಿಯ ಕೈಲಿರುವುದು ಬಂದಾಗ ಕೆಂಚಿ ಅದನ್ನು ಕಿತ್ತುಕೊಳ್ಳಬೇಕು. ಮೊದಲ ದಿನವೇ ಅವಳು ತಪ್ಪಿದ್ದು ಅಪರೂಪ. ತಾಯಿಯ ಕಡೆ ಓರೆಗಣ್ಣಲ್ಲಿ ನೋಡಿ ಕಿತ್ತುಕೊಳ್ಳುತ್ತಿರಬಹುದೆಂದು ನಡುವೆ ಹಗ್ಗ ಕಟ್ಟಿ, ದಪ್ಪ ಸೀರೆಯೊಂದನ್ನು ಎರಡು ಪದರ ಮಾಡಿ ಇಳಿಬಿಟ್ಟೆ. ಆಗಲೂ ಹಾಗೆಯೇ! ಪ್ರಾಧ್ಯಾಪಕರಿಗೆ ಎಂಟು ಪುಟ ಬರೆದೆ. ಬೆಂಗಳೂರಿನ ವಿದ್ವಾಂಸರ ಮುಂದೆ ಇದನ್ನು ಓದುತ್ತೇನೆ, ಸಿದ್ಧವಾಗಿರು ಎಂದು ಅವರ ಉತ್ತರ ಬಂತು. ನನ್ನ ಹೆಸರು ಅಚ್ಚಾಗುವುದನ್ನು ನೆನೆದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೈ ತಿಂಗಳು, ಅಂದರೆ ನಮ್ಮ ಸಂಕ್ರಾಂತಿಯ ಕಾಲ, ಹತ್ತಿರವಾಯಿತು. ಬೊಮ್ಮಕ್ಕ ಕೊರಳಿಗೆ ಮಾಲೆ ಹಾಕಿಕೊಂಡು ಪಳನಿ ಮುರುಗನಿಗೆ ಹರಕೆ ಹೊತ್ತಳು. ಒಂದೇ ಹೊತ್ತು ಊಟ, ಬರಿಗಾಲು, ಬಾಯಿಗೆ ಎಲೆ ಅಡಕೆ ಇಲ್ಲ. ಎದ್ದಾಗಿನಿಂದ ಮಲಗುವವರೆಗೆ ದವಡೆಯಲ್ಲಿ ಎಲೆ ಇಟ್ಟುಕೊಂಡೇ ಇರುವವಳಿಗೆ ಇದು ದೊಡ್ಡ ವ್ರತ. ಆ ದಿನಗಳಲ್ಲೂ ನನ್ನ ಪರೀಕ್ಷೆ ನಿಲ್ಲಲಿಲ್ಲ. ಕೆಂಚಿಗೆ ಒಂದೂ ಸರಿಯಾಗಿ ಬರಲಿಲ್ಲ. ಕೊಡಕ್ಕೆ ಹಸು, ಹಸುವಿಗೆ ಹೂವು, ಕೊನೆಗೆ ಬೇಸತ್ತು ಐದನ್ನೂ ಒಟ್ಟಿಗೆ ಕಿತ್ತುಕೊಂಡು ಎಲೆ ಜೋಡಿಸಿದ ಹಾಗೆ ಜೋಡಿಸತೊಡಗಿದಳು. ಮೂರು ದಿನ ಹೀಗೇ ಆಯಿತು. ನನ್ನ ಎಂಟು ಪುಟ ಕಣ್ಣ ಮುಂದೆಯೇ ಹರಿದುಹೋಗುತ್ತಿತ್ತು.

ಮೂರನೇ ದಿನ ಸೀರೆ ಸರಿಸಿ ಬೊಮ್ಮಕ್ಕ ಹೊರಗೆ ಬಂದಳು. ಮುಖ ಅರಳಿತ್ತು.

"ಮುರುಗ ಮುಚ್ಚಿಬುಟ್ಟ ತಾಯಿ! ಅದರ ಒಳಗಣ್ಣ ಮುಚ್ಚಿಬುಟ್ಟ!"

ಹರಕೆ ಹೊತ್ತದ್ದೇ ಅದಕ್ಕೆ. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಂಥ ಶಕ್ತಿಯನ್ನು ಬೇಡ ಅನ್ನುವವರುಂಟೇ ಎಂದು ಕೇಳಿಯೇಬಿಟ್ಟೆ. ಅವಳು ನನ್ನ ಕೈ ಹಿಡಿದು ಎಲೆತೋಟಕ್ಕೆ ಕರೆದುಕೊಂಡು ಹೋದಳು. ಇಲ್ಲಿ ಅದನ್ನು ಕೊಡಿಕ್ಕಾಲ್ ಅನ್ನುತ್ತಾರೆ. ಅಗಸೆ ಮರಗಳಿಗೆ ಬಳ್ಳಿ ಹಬ್ಬಿ ನಡು ಮಧ್ಯಾಹ್ನವೂ ತಂಪಾಗಿತ್ತು. ತೋಟದ ಮೂಲೆಯ ಬಾವಿಯ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದಳು.

"ಅದಕ್ಕಾಗ ಮೂರು ವಯಸು. ನಿದ್ದೆ ಇಲ್ಲ, ಹಗಲೂ ರಾತ್ರಿ ಒಂದೇ ಕೂಗು. ಪಿಶಾಚಿ ಹೆತ್ತವಳು ಅಂತ ಊರು ಆಡ್ತು. ಒಂದು ದಿನ ಎತ್ತಿಕೊಂಡು ಇಲ್ಲಿಗೆ ಬಂದುಬುಟ್ಟೆ. ಅದನ್ನೂ ಹಾಕಿ ನಾನೂ ಬೀಳೋದು ಅಂತ ನೆನಸಿದೆ. ಯಾರ ಮೊಕವೂ ನೋಡದ ಕೂಸು, ಆವಾಗ ತಿರುಗಿ ನನ ಮೊಕ ನೋಡ್ತು ತಾಯಿ. ನೆಟ್ಟಗೆ ನೋಡ್ತು. ನಾನು ಓಡಿಬಂದುಬುಟ್ಟೆ. ಅವತ್ತಿಂದ ಅದಕ್ಕೆ ತಿಳಿಯದ ಹಾಗೆ ನಾನು ಒಂದೂ ನೆನಸೋಕಾಗಲಿಲ್ಲ. ಅವ್ವ ನನ್ನ ಕೊಲ್ಲೋಕೆ ಬಂದವಳು ಅಂತ ಅದಕ್ಕೆ ಗೊತ್ತಲ್ಲ. ಗೊತ್ತಿದ್ದೂ ನಂಗೆ ನೀರು ತರ್ತದಲ್ಲ."

ಎಂಟು ವರ್ಷ ಆ ಹೆಂಗಸು ಮಗಳ ಮುಂದೆ ತಲೆ ತಗ್ಗಿಸಿದ್ದು ಇದಕ್ಕೆ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಾವಿಕಟ್ಟೆಯ ಮೇಲೆ ಅವಳ ಪಕ್ಕ ಕೂತೆ.

ಪಳನಿಗೆ ಹೋಗಿ ಬಂದ ಮೇಲೆ ಬೊಮ್ಮಕ್ಕನ ಬಾಯಿಗೆ ಮತ್ತೆ ಎಲೆ ಬಂತು. ಒಳಗಣ್ಣು ಮುಚ್ಚಿದ್ದು ಖಾತ್ರಿಯಾಗಲಿ ಎಂದು ಅವಳೇ ಪರೀಕ್ಷೆಗೆ ಕೂತಳು. ಸೀರೆಯ ಆಚೆ ಅವಳು, ಈಚೆ ನಾವಿಬ್ಬರು. "ಹಸು" ಅಂದೆ. "ಕೊಡ" ಅಂದೆ. "ನೇಗಿಲು" ಅಂದದ್ದೇ ತಡ, ಕೆಂಚಿ ಕಿತ್ತುಕೊಂಡಳು. ಸರಿಯಾಗಿತ್ತು. ಇನ್ನೊಂದು, ಅದೂ ಸರಿ. ಸೀರೆಯ ಆಚೆಯಿಂದ ಒಂದು ನರಳಿಕೆ ಕೇಳಿತು. ನಾನು ನಿಜವಾಗಿ ಕಿವಿಗೊಟ್ಟದ್ದು ಆಗಲೇ. ನರಳಿಕೆ ನಿಂತ ಮೇಲೆ, ತುಂಬ ಮೆಲ್ಲಗೆ, ಎಲೆ ಜಗಿಯುವ ಸದ್ದು. ನಾನು "ಹೂವು" ಅಂದೆ, ಸದ್ದು ನಡೆದಿತ್ತು. "ಎಲೆ" ಅಂದೆ, ನಿಂತಿತು. ಕೆಂಚಿಯ ಕೈ ಮುಂದೆ ಬಂತು.

ತನ್ನ ಕಾರ್ಡಿನ ಹೆಸರು ನನ್ನ ಬಾಯಿಂದ ಬಂದಾಗ ಬೊಮ್ಮಕ್ಕ ಉಸಿರು ಹಿಡಿಯುತ್ತಿದ್ದಳು, ಅವಳಿಗೇ ಗೊತ್ತಿಲ್ಲದೆ. ದವಡೆ ನಿಲ್ಲುತ್ತಿತ್ತು. ವ್ರತದ ದಿನಗಳಲ್ಲಿ ಬಾಯಲ್ಲಿ ಎಲೆಯಿಲ್ಲ, ನಿಲ್ಲುವುದಕ್ಕೆ ಸದ್ದೂ ಇಲ್ಲ. ಹೆಸರು ಕೂಗುವ ಕ್ರಮ ಮಾಡಿದವಳು ನಾನೇ. ಎಂಟು ಪುಟದ ವಿಜ್ಞಾನಿ!

"ಬೊಮ್ಮಕ್ಕಾ, ನೀವು ಈ ಕಡೆ ಬನ್ನಿ. ಹೆಸರು ನೀವು ಕೂಗಿ" ಎಂದೆ. ಬಾಯಿಗೆ ಎಲೆ ಹಾಕಿಕೊಂಡು, ಕೊಡದ ಕಾರ್ಡು ಹಿಡಿದು ಸೀರೆಯ ಆಚೆ ನಾನು ಕೂತೆ. ಕೊಡ ಎಂದಾಗ ಜಗಿಯುತ್ತಲೇ ಇದ್ದೆ. ಹಸು ಎಂದಾಗ ಬೇಕೆಂದೇ ನಿಲ್ಲಿಸಿದೆ. ಕೆಂಚಿ ಹಸುವನ್ನು ಕಿತ್ತುಕೊಂಡಳು. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ನಾನು ಎಲ್ಲಿ ನಿಲ್ಲಿಸಿದರೆ ಅಲ್ಲಿಗೆ ಅವಳ ಕೈ. ಆಮೇಲೆ ಹೊರಗೆ ಬಂದು ಕೈಲಿದ್ದ ಕಾರ್ಡು ತೋರಿಸಿದೆ. ಮೂರು ಸಲವೂ ಅದು ಕೊಡವೇ.

"ಅವಳಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ ಬೊಮ್ಮಕ್ಕ. ಕಿವಿ ಚುರುಕು, ಅಷ್ಟೇ. ನೀವು ಎಲೆ ಜಗಿಯುವ ಸದ್ದು ಕೇಳಿಸುತ್ತದೆ ಅವಳಿಗೆ. ಬಾಯಾರಿದರೆ, ಸಿಟ್ಟು ಬಂದರೆ ಆ ಸದ್ದು ಬದಲಾಗುತ್ತದೆ."

ಅವಳು ಆ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಮುರುಗ ಮುಚ್ಚಿದ್ದಲ್ಲವಾ?"

"ಮುಚ್ಚುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲ."

"ಆ ಬಾವಿತಾವ..."

"ಆವತ್ತು ನಿಮ್ಮ ಬಾಯಲ್ಲಿ ಎಲೆ ಇತ್ತಾ?"

"ಇತ್ತು. ಬಾಯಿ ಒಣಗಿಹೋಗಿತ್ತು. ಹಂಗೇ ನಿಂತುಬುಟ್ಟಿದ್ದೆ."

"ದಿನಾ ಕೇಳುವ ಸದ್ದು ತಟ್ಟನೆ ನಿಂತಿತು. ಏನಾಯಿತು ಅಂತ ತಿರುಗಿ ನೋಡಿರುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ ಬೊಮ್ಮಕ್ಕ. ಯಾವತ್ತೂ ಗೊತ್ತಿರಲಿಲ್ಲ."

"ನಿಜಮಾ?" ಅಂದಳು. ನಿಜವೇ ಎಂದು. ನನ್ನ ಬಾಯಿಂದ ನಾಲ್ಕೈದು ಸಲ ಹೇಳಿಸಿದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು, ಸೆರಗಿನಿಂದ ಮುಖ ಒರೆಸಿಕೊಂಡು ಮಗಳ ಕಡೆ ತಿರುಗಿದಳು. ನಾನು ಆ ಮನೆಗೆ ಬಂದು ಆರು ತಿಂಗಳಾಗಿದ್ದರೂ ಅವಳು ಕೆಂಚಿಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

"ಕೆಂಚೀ, ಹಸಿವಾ?"

ಕೆಂಚಿ ತಿರುಗಲಿಲ್ಲ, ಉತ್ತರ ಕೊಡಲಿಲ್ಲ. ಬೊಮ್ಮಕ್ಕನಿಗೆ ಅದರ ಚಿಂತೆಯೇ ಇರಲಿಲ್ಲ. ತಟ್ಟೆಗೆ ಕಳಿ ಹಾಕಿ ತಂದು, ಇದು ಕಳಿ, ಇದು ಅವರೆ ಕುಳಂಬು, ಕೊಂಜ ಬಿಸಿ ಅದೆ, ಊದಿಕೊಂಡು ತಿನ್ನು ಎಂದು ಹೇಳುತ್ತಲೇ ಹೋದಳು. ಆವತ್ತು ಶುರುವಾದ ಮಾತು ಇನ್ನೂ ನಿಂತಿಲ್ಲ. ಗೌಡರು ಈಗ ಮಧ್ಯಾಹ್ನದ ನಿದ್ದೆಗೆ ತೋಟಕ್ಕೆ ಹೋಗುತ್ತಾರೆ. ಕೆಂಚಿ ಮಾತು ಕಲಿತಿಲ್ಲ, ಕಲಿಯುತ್ತಾಳೆಂದು ಹೇಳಲಾರೆ. ಆದರೆ ತಾಯಿ ಮಾತಾಡುವಾಗ ಗೋಡೆಯ ಕಡೆಯಿಂದ ಅಷ್ಟಷ್ಟೇ ಇತ್ತ ಸರಿದು ಕೂರುತ್ತಾಳೆ.

ಪ್ರಾಧ್ಯಾಪಕರಿಗೆ ಒಂದೇ ಪುಟ ಬರೆದೆ. ವಾಪಸು ಬಾ ಎಂದು ಎರಡೇ ಸಾಲಿನ ಉತ್ತರ ಬಂತು. ನಾಚಿಕೆಯಾಗಬೇಕಿತ್ತು, ಆದದ್ದು ಹೊರೆ ಇಳಿಸಿದಂಥ ಹಗುರ. ಚಿನ್ನಮನೂರಿನಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಸಿಕ್ಕಿದೆ. ಕೊನೆಗೂ ನಿಜವಾಗಿ ಟೀಚ್ರಮ್ಮನಾದೆ. ಸಂಜೆ ಜಗಲಿಯಲ್ಲಿ ಕೆಂಚಿ ಮತ್ತು ಅಕ್ಕಪಕ್ಕದ ಊರಿನ ಅಂಥವೇ ಎರಡು ಮಕ್ಕಳು. ಅವರ ಬಗ್ಗೆ ಇಲ್ಲಿಯವರೆಗೆ ನಾನು ಏನನ್ನೂ ಊಹಿಸಿಲ್ಲ, ಸುಮ್ಮನೆ ನೋಡುತ್ತಿದ್ದೇನೆ.

ಮೊನ್ನೆ ಎಲೆ ಬಿಡಿಸುವಾಗ ಬೊಮ್ಮಕ್ಕ ಕೇಳಿದಳು. "ಇಲ್ಲೇ ಇರ್ತೀನಿ ಅಂತ ನಿಮ್ಮವ್ವಗೆ ಬರದಿಯಾ ತಾಯಿ?"

"ಇಲ್ಲ. ಹೆತ್ತವಳಲ್ಲವಾ, ಅವಳಿಗೆ ಗೊತ್ತಾಗಿರುತ್ತದೆ" ಅಂದೆ.

ಬೊಮ್ಮಕ್ಕ ಕೈಲಿದ್ದ ಎಲೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಅದೆಂಗೆ ಗೊತ್ತಾಗ್ತದೆ?"

ಈ ಬರಹ ಅಚ್ಚಾಗುವ ಪತ್ರಿಕೆಯನ್ನು ಊರಿನಲ್ಲಿ ಅವ್ವನಿಗೆ ನನ್ನ ತಮ್ಮ ಓದಿ ಹೇಳುತ್ತಾನೆ. ಅದಕ್ಕೇ ಇಲ್ಲಿಯೇ ಬರೆಯುತ್ತಿದ್ದೇನೆ. ಅವ್ವಾ, ನಾನು ಈ ವರ್ಷ ಊರಿಗೆ ಬರುವುದಿಲ್ಲ. ಮುಂದಿನ ವರ್ಷದ್ದು ಗೊತ್ತಿಲ್ಲ. ಇಲ್ಲಿ ನಾನು ಸುಖವಾಗಿದ್ದೇನೆ. ದಿನಾ ಸಂಜೆ ನೀನು ದೀಪ ಹಚ್ಚುವ ಹೊತ್ತಿಗೆ ನನಗೆ ಅಳು ಬರುತ್ತದೆ. ಎರಡೂ ನಿಜ. ಹೇಳದೆ ನಿನಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಹೇಳುತ್ತಿದ್ದೇನೆ.