ಬಾವಿಗಿಳಿಸಿದ ಕಂದೀಲು

ಬಾವಿ ತೋಡುವ ಗದಿಗೆಪ್ಪನನ್ನು ಜೋಗೇಶ್ವರಿಯಲ್ಲಿ ಎಲ್ಲರೂ ಬಲ್ಲರು. ಆದರೆ ಆಳುಗಳನ್ನು ಒಳಗೆ ಬಿಡುವವಳು, ಮೇಲಕ್ಕೆ ಸೆಳೆಯುವವಳು ಅವನ ಹೆಂಡತಿ ಅಂಬವ್ವ. ವಿಜಾಪುರದ ಕಡೆಯಿಂದ ಬಂದು ಏಳು ಬಾವಿ ಮುಗಿಸಿದ್ದರು. ಒಂದರಲ್ಲೂ ಜೀವ ಹೋಗಿರಲಿಲ್ಲ.

ಐವತ್ತಾರರ ಬೇಸಿಗೆಯಲ್ಲಿ ಗುಡ್ಡದ ಬುಡದ ಹಳ್ಳಿಯವರೆಲ್ಲ ಸೇರಿ ತೋಡಿಸುತ್ತಿದ್ದದ್ದು ಎಂಟನೆಯದು. ಅಲ್ಲಿಯತನಕ ಅವರಿಗೆ ಹಾಲು ಮಾರುವ ತಬೇಲಾದ ಎಮ್ಮೆಗಳು ಹೊರಳುವ ಹೊಂಡದ ನೀರೇ ಗತಿ.

ಆ ಬೆಳಿಗ್ಗೆ ಸಿಡಿಮದ್ದಿಗೆ ತಳದ ಬಂಡೆ ಸೀಳಿ ನೀರು ಜಿನುಗಿತು. ಕೊಡ ಮುಳುಗುವಷ್ಟಿಲ್ಲ, ಇಳಿದು ಮೊಗೆದುಕೊಳ್ಳಬೇಕು. ಹೊಗೆ ಹೋಯಿತಲ್ಲ, ಇನ್ನೇನು ಎಂದು ಹೆಂಗಸರು ಮುಗಿಬಿದ್ದರು. ಅಂಬವ್ವ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟಳು. ಅರ್ಧದಲ್ಲೇ ಅದು ಪಕ್ಕನೆ ಆರಿತು.

"ಯಾರೂ ಇಳಿಬ್ಯಾಡ್ರಿ. ತಳದಾಗ ಕೆಟ್ಟ ಗಾಳಿ ಕುಂತೈತಿ."

"ಎಣ್ಣೆ ಮುಗಿದಿರ್ಬೇಕು ಅಂಬಕ್ಕ," ಎಂದ ಸದಾನಂದ. ಉಡುಪಿಯವನು, ಕುರ್ಲಾದ ಹೋಟೆಲಿನಲ್ಲಿ ಅಡುಗೆಗಿದ್ದವನು. ಅವನ ಹೆಂಡತಿ ಚಂಪಾಳ ಹೆಗಲಿಗೆ ಮಗು ಜೋತುಬಿದ್ದಿತ್ತು. ಹೊಂಡದ ನೀರು ಕುಡಿದು ಎರಡು ದಿನದಿಂದ ಭೇದಿ.

"ಎಣ್ಣಿ ಈಗಷ್ಟ ತುಂಬೀನಿ. ನಿನ್ನ ಹೋಟೆಲಿನ ಚಾ ಅಲ್ಲಪ್ಪ ಇದು, ಕೇಳಿದ ಕೂಡ್ಲೆ ಸಿಗಾಕ. ಸಂಜಿತನಕ ತಡಿ."

"ಸಂಜೆವರೆಗೆ ಇದು ಉಳಿಯುದು ಬೇಡ್ವಾ?" ಚಂಪಾ ಕೂಗಿದಳು. "ನಿಮಗೆ ಮಕ್ಕಳಿದ್ರೆ ಗೊತ್ತಾಗ್ತಿತ್ತು!"

ಮಾತು ಅಂಬವ್ವನ ಎದೆಗೆ ನಾಟಿತು. ಅಷ್ಟರಲ್ಲಿ ಸದಾನಂದ ಸೊಂಟಕ್ಕೆ ಚೊಂಬು ಕಟ್ಟಿ ಗೋಡೆಯ ಮೆಟ್ಟಿಗೆ ಕಾಲಿಟ್ಟೇಬಿಟ್ಟಿದ್ದ. ಕೇಳುವವನಲ್ಲ ಎಂದು ಕಂಡು ಅವಳು ಅವನ ಎದೆಗೆ ರಾಟೆಯ ಹಗ್ಗ ಬಿಗಿದಳು.

"ಮೆಟ್ಟಿಗೊಮ್ಮೆ ಓ ಅನ್ನು. ದನಿ ನಿಂತ್ರ ಎಳದ ಬಿಡತೀನಿ."

ಓ. ಓ. ಓ. ಒಂಬತ್ತನೆಯದು ತೊದಲಿತು. ಹತ್ತನೆಯದು ಬರಲೇ ಇಲ್ಲ. ಹಗ್ಗ ಒಮ್ಮೆಲೇ ಭಾರವಾಯಿತು.

ಗದಿಗೆಪ್ಪ ತಾನೂ ಇಳಿಯಲು ಹೋದ. ಅಂಬವ್ವ ಅವನ ಧೋತರ ಹಿಡಿದು ಜಗ್ಗಿದಳು. "ನೀ ಇಳಿದ್ರ ಎರಡು ಹೆಣ! ಹಗ್ಗ ಹಿಡಿ!"

ಮಗುವನ್ನು ಪಕ್ಕದವಳಿಗೆ ಕೊಟ್ಟು ಚಂಪಾಳೂ ಕೈ ಹಚ್ಚಿದಳು. ಅಂಗೈ ಸುಲಿದು ಹಗ್ಗದ ನಾರಿಗೆ ರಕ್ತ ಹತ್ತಿತು. ಸದಾನಂದ ದಂಡೆಗೆ ಬಂದಾಗ ತುಟಿ ನೀಲಿಗಟ್ಟಿತ್ತು. ಅಂಬವ್ವ ಅವನನ್ನು ಕವುಚಿ ಹಾಕಿ ಬೆನ್ನು ಗುದ್ದಿದಳು, ಗುದ್ದುತ್ತಲೇ ಇದ್ದಳು. ಕೊನೆಗೊಮ್ಮೆ ಕೆಮ್ಮಿದ.

ಆಮೇಲೆ ಯಾರೂ ಕೊಡ ಮುಟ್ಟಲಿಲ್ಲ. ಹೊಂಡದ ನೀರನ್ನೇ ಚೆನ್ನಾಗಿ ಕುದಿಸಿ ಗಂಜಿ ಮಾಡಿ, ಅದರ ತಿಳಿಗೆ ಉಪ್ಪು ಹಾಕಿ ಮಗುವಿಗೆ ಕುಡಿಸು ಎಂದು ಚಂಪಾಳನ್ನು ಕಳಿಸಿದ ಅಂಬವ್ವ, ಕೆಟ್ಟ ಗಾಳಿ ಕಲಕಿ ಹೊರಬರಲೆಂದು ಮಾವಿನ ಟೊಂಗೆಗಳ ಕಟ್ಟನ್ನು ಬಾವಿಯೊಳಗೆ ಮೇಲೆ ಕೆಳಗೆ ಆಡಿಸುತ್ತ ನಿಂತಳು. ಮಧ್ಯಾಹ್ನದ ಹೊತ್ತಿಗೆ ಚಂಪಾ ತಿರುಗಿ ಬಂದಳು.

"ಕೊಡಿ ಅಕ್ಕ, ಸ್ವಲ್ಪ ನಾನು."

"ಕೂಸು?"

"ಕುಡೀತು. ಮಲಗಿದೆ."

ಅಂಬವ್ವ ಹಗ್ಗ ಬಿಟ್ಟುಕೊಟ್ಟಳು. "ಗ್ವಾಡಿಗೆ ಬಡಿಬ್ಯಾಡ. ಎಲಿ ಉದರಿದ್ರ ನೀರಾಗ ಕೊಳಿತಾವ."